ಒಣಹಾಕಿದ ಬಟ್ಟೆ ನೋಡಿ ಮನೆ ಹಿಡಿದದ್ದು

ಯಾರ ಹೊಸ ಮನೆಗೆ ಕರೆದರೂ ನಾನು ಒಳಗೆ ಕಾಲಿಡುವ ಮೊದಲು ಒಂದು ನಿಮಿಷ ಬೀದಿಯಲ್ಲೇ ನಿಂತು ಅಕ್ಕಪಕ್ಕದವರು ಒಣಹಾಕಿದ ಬಟ್ಟೆ ನೋಡುತ್ತೇನೆ. ಇದೇನೂ ಹೇಳಿಕೊಳ್ಳುವಂಥ ಅಭ್ಯಾಸವಲ್ಲ. ಕಂಡವರ ಮನೆಯ ಬನೀನು, ಲಂಗ, ಕೂಸಿನ ಚಡ್ಡಿಗಳನ್ನು ತಲೆಯೆತ್ತಿ ನೋಡುತ್ತ ನಿಂತ ಮುದುಕಿಯನ್ನು ಕಂಡರೆ ಆ ಮನೆಯವರು ಏನೆಂದುಕೊಳ್ಳಬೇಡ? ಮೊನ್ನೆ ನನ್ನ ತಂಗಿಯ ಮಗಳು ಸುಧಾ ಬಾಡಿಗೆ ಮನೆ ನೋಡಲು ಹೊರಟವಳು ಜೊತೆಗಿರಲಿ ಎಂದು ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಅವಳು ಒಳಗೆ ಅಡುಗೆಮನೆಯ ಕಟ್ಟೆ ಅಳೆಯುತ್ತಿದ್ದರೆ ನಾನು ಹೊರಗೆ ಎದುರು ಮನೆಯ ಮಹಡಿ ನೋಡುತ್ತಿದ್ದೆ. ಹೊರಗೆ ಬಂದವಳು, "ದೊಡ್ಡಮ್ಮ, ಮನೆ ಹೇಗಿದೆ?" ಎಂದಳು. ಮನೆ ನಾನು ನೋಡಿರಲಿಲ್ಲ. ಬೀದಿ ಪರವಾಗಿಲ್ಲ, ಎದುರು ಮನೆಯವರು ಅತ್ತೆಯ ಸೀರೆಯನ್ನೂ ಸೊಸೆಯ ಸೀರೆಯನ್ನೂ ಒಂದೇ ತಂತಿಗೆ ಹಾಕಿದ್ದಾರೆ ಎಂದೆ. ಅವಳು ನಕ್ಕು ನಕ್ಕು ಸುಸ್ತಾದಳು. ಮನೆಗೆ ಹೋಗಿ ಎಲ್ಲರಿಗೂ ಹೇಳಿದಳು. ಈಗ ನಮ್ಮ ನೆಂಟರಲ್ಲಿ ನನಗೆ ಇದೇ ಹೆಸರು.

ಈ ವಿದ್ಯೆ ನಾನು ಕಂಡುಹಿಡಿದದ್ದಲ್ಲ ಎಂದು ಹೇಳಿಕೊಳ್ಳುವ ಸಲುವಾಗಿಯೇ ಇದನ್ನು ಬರೆಯಲು ಕೂತಿದ್ದೇನೆ. ಇದು ನನ್ನ ಅತ್ತೆ ಗೌರಮ್ಮನವರದು. ಶಿಕಾರಿಪುರದ ಪೇಟೆಯಲ್ಲಿ ನಮ್ಮದೊಂದು ಬಟ್ಟೆ ಅಂಗಡಿ. ಮಾವ ತೀರಿಕೊಂಡ ಮೇಲೆ ಅತ್ತೆ ಗಲ್ಲದ ಮೇಲೆ ಕೈಯಿಟ್ಟು ಮೂಲೆಯಲ್ಲಿ ಕೂರಲಿಲ್ಲ. ಗಾದಿಯ ಮೇಲೆ ಕೂತು ಗಜಕೋಲು ಹಿಡಿದರು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಹಿರಿಯ ಮಗ ಅಂಗಡಿ ನೋಡಿಕೊಳ್ಳುವಷ್ಟು ದೊಡ್ಡವರಾಗಿದ್ದರೂ ಗಿರಾಕಿಗಳು ಕೇಳುತ್ತಿದ್ದದ್ದು ಅವ್ವನನ್ನೇ. ಓದು ಬರಹ ಬಾರದ ಹೆಂಗಸು. ಆದರೆ ಮೆಟ್ಟಿಲು ಹತ್ತುತ್ತಿರುವವರ ಮೈಮೇಲಿನ ಬಟ್ಟೆ ನೋಡಿ, ಇವರು ಕೊಳ್ಳುವವರೋ ಬರೀ ಬಿಡಿಸಿ ನೋಡುವವರೋ, ಮನೆಯಲ್ಲಿ ಮದುವೆಯೋ ತಿಥಿಯೋ ಎಂದು ಹೇಳುತ್ತಿದ್ದರು. ಹತ್ತರಲ್ಲಿ ಎಂಟು ಸಲ ಸರಿಯಾಗಿರುತ್ತಿತ್ತು. ತಪ್ಪಾದ ಎರಡು ಸಲ, ಬಟ್ಟೆ ಅವರದ್ದಲ್ಲ, ಯಾರದೋ ಕೇಳಿ ಉಟ್ಟುಕೊಂಡು ಬಂದಿದ್ದಾರೆ ಎಂದು ವಾದಿಸುತ್ತಿದ್ದರು.

ನನ್ನ ತವರು ಸೊರಬದ ಆಚೆ, ಗುಡವಿಯ ದಾರಿಯಲ್ಲಿ ಸಿಗುವ ಒಂದು ಹಳ್ಳಿ. ಅಪ್ಪನಿಗೆ ಗದ್ದೆ, ನಾಲ್ಕು ಎಮ್ಮೆ, ಮತ್ತು ಎಲ್ಲದರ ಬಗ್ಗೆಯೂ ಒಂದು ಅಭಿಪ್ರಾಯ. ಸೊರಬದಿಂದ ಶಿರಾಳಕೊಪ್ಪದ ಮೇಲೆ ಶಿಕಾರಿಪುರಕ್ಕೆ ಬಸ್ಸಿನಲ್ಲಿ ಬಂದರೆ ಎಷ್ಟು ಹೊತ್ತಿನ ದಾರಿ? ಆದರೂ ಮದುವೆಯಾದ ಹೊಸದರಲ್ಲಿ ನನಗೆ ಪರದೇಶಕ್ಕೆ ಬಂದಹಾಗಿತ್ತು. ನಾವು ಎಂತ ಅನ್ನುವಲ್ಲಿ ಇವರು ಏನು ಅನ್ನುತ್ತಿದ್ದರು, ನಾವು ಅನ್ನ ಮಾಡುವ ಹೊತ್ತಿಗೆ ಇವರು ರೊಟ್ಟಿ ಬಡಿಯುತ್ತಿದ್ದರು. ನಾನು ಬಡಿದ ಮೊದಲ ರೊಟ್ಟಿಗೆ ಮೂರು ಮೂಲೆಗಳಿದ್ದವು. ಅದನ್ನು ಅತ್ತೆ ಯಾರಿಗೂ ತೋರಿಸದೆ ತಾವೇ ತಿಂದರು.

ನಮ್ಮವರು ಎರಡನೆಯ ಮಗ. ಇಂಟರ್‌ಮೀಡಿಯೆಟ್ ಮುಗಿಸಿ, ಅಂಗಡಿಯಲ್ಲಿ ಮನಸ್ಸಿಲ್ಲದೆ ಕೂತು, ಎಲ್ಲ ಕಡೆ ಅರ್ಜಿ ಹಾಕುತ್ತಿದ್ದವರು. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ರಾಜ್ಯ ದೊಡ್ಡದಾಗಿ ಬೆಂಗಳೂರಿನಲ್ಲಿ ಕಚೇರಿಗಳೂ ದೊಡ್ಡದಾಗುತ್ತಿದ್ದ ಕಾಲ. ಒಂದು ದಿನ ಇವರಿಗೂ ಅಲ್ಲಿ ಗುಮಾಸ್ತೆಯ ಕೆಲಸಕ್ಕೆ ಕಾಗದ ಬಂತು. ಕೆಲಸ ಸಿಕ್ಕಿತು ಎಂಬ ಸಂತೋಷ ಅರ್ಧ ದಿನ ಇತ್ತು. ಮಧ್ಯಾಹ್ನದ ಮೇಲೆ ಎದ್ದ ಪ್ರಶ್ನೆ, ಬೆಂಗಳೂರಿನಲ್ಲಿ ಎಲ್ಲಿ ಇರುವುದು?

ನಮ್ಮ ಊರುಗಳಲ್ಲಿ ಈ ಪ್ರಶ್ನೆಯೇ ಇರಲಿಲ್ಲ ನೋಡಿ. ಯಾರೂ ಬೀದಿಯನ್ನು ಆರಿಸುತ್ತಿರಲಿಲ್ಲ. ಹುಟ್ಟಿದ ಬೀದಿ ಒಂದು, ಹೆಣ್ಣಾದರೆ ಕೊಟ್ಟ ಬೀದಿ ಇನ್ನೊಂದು. ಮನೆಯ ಪಕ್ಕದವರು ಜಗಳಗಂಟರಾದರೆ ಅವರ ಅಜ್ಜನೂ ಜಗಳಗಂಟನಾಗಿದ್ದ ಎಂಬ ಸಮಾಧಾನ ಇರುತ್ತಿತ್ತು. ದುಡ್ಡಿದ್ದರೆ ಮನೆಯ ಮೇಲೆ ಮಹಡಿ ಎಬ್ಬಿಸುತ್ತಿದ್ದರೇ ಹೊರತು ಬೀದಿ ಬದಲಿಸುತ್ತಿರಲಿಲ್ಲ. ಹಾಗಿರುವಾಗ ಒಂದು ಊರಿಗೆ ಊರೇ ಎದುರಿಗೆ ಹರವಿಕೊಂಡು, ಇದರಲ್ಲಿ ನಿನಗೆ ಯಾವುದು ಬೇಕು ಎಂದು ಕೇಳಿದರೆ ಏನು ಹೇಳುವುದು?

ಉತ್ತರ ಹೇಳಲು ಇಡೀ ಶಿಕಾರಿಪುರವೇ ನಮ್ಮ ಅಂಗಡಿಗೆ ಬಂತು. ಕೋರ್ಟಿನ ಕೆಲಸಕ್ಕೆ ಒಮ್ಮೆ ಬೆಂಗಳೂರಿಗೆ ಹೋಗಿಬಂದವರು, ಕಣ್ಣು ತೋರಿಸಲು ಹೋದವರು, ದಾರಿ ತಪ್ಪಿ ಹೋದವರು, ಎಲ್ಲರಿಗೂ ಒಂದೊಂದು ಬಡಾವಣೆ. ನಿವೃತ್ತ ಹೆಡ್‌ಮಾಸ್ತರರು ಮಲ್ಲೇಶ್ವರ ಬಿಟ್ಟು ಬೇರೆ ಮಾತೇ ಇಲ್ಲ, ಅಲ್ಲಿಯ ಗಾಳಿ ಔಷಧಿ ಇದ್ದಹಾಗೆ ಎಂದರು. ಬಸ್ ಏಜೆಂಟರು ರೈಲು ನಿಲ್ದಾಣದ ಹತ್ತಿರವೇ ಇರಿ, ಊರಿನ ಕಡೆ ಮನಸ್ಸಾದ ತಕ್ಷಣ ಹೊರಡಬಹುದು ಎಂದರು. ಅಡಿಕೆ ವ್ಯಾಪಾರಿಯೊಬ್ಬರು ಚಿಕ್ಕಪೇಟೆ ಎಂದರು. ಸೂಜಿಯಿಂದ ಹಿಡಿದು ಹಾರ್ಮೋನಿಯಂ ತನಕ ಬಾಗಿಲಲ್ಲೇ ಸಿಗುತ್ತದಂತೆ. ನಮಗೆ ಹಾರ್ಮೋನಿಯಂ ಏಕೆ ಬೇಕು ಎಂದು ಯಾರೂ ಕೇಳಲಿಲ್ಲ. ಎಲ್ಲರಿಗಿಂತ ಜೋರಾಗಿ ವಾದ ಮಾಡಿದವರು ಬೆಂಗಳೂರನ್ನು ನೋಡೇ ಇರದ ನಮ್ಮ ಪಕ್ಕದ ಪಾತ್ರೆ ಅಂಗಡಿಯವರು. ಬಸವನಗುಡಿ, ಹೆಸರಲ್ಲೇ ಬಸವ ಇದ್ದಾನೆ, ಇನ್ನೇನು ಬೇಕು ಎನ್ನುವುದು ಅವರ ವಾದ. ನಮ್ಮವರು ಇದನ್ನೆಲ್ಲ ಶ್ರದ್ಧೆಯಿಂದ ಒಂದು ಹಾಳೆಯಲ್ಲಿ ಬರೆದುಕೊಂಡರು.

ನನ್ನನ್ನೂ ಒಮ್ಮೆ ಕೇಳಿದರು. ನಾನು ಕೆರೆ ಯಾವ ಕಡೆ ಬರುತ್ತದೆ ಎಂದು ಕೇಳಿದೆ. ಶಿಕಾರಿಪುರಕ್ಕೆ ಹುಚ್ಚರಾಯನ ಕೆರೆ ಇದ್ದಹಾಗೆ ಬೆಂಗಳೂರಿಗೂ ಒಂದು ಕೆರೆ ಇರುತ್ತದೆ, ಅದರ ಏರಿಯಿಂದ ಶುರುವಾಗಿ ಊರು ಉದ್ದಕ್ಕೆ ಒಂದೇ ಬೀದಿಯಾಗಿ ಹೋಗುತ್ತದೆ, ಬೀದಿ ಮಾತ್ರ ಬಹಳ ಉದ್ದ ಎಂದು ನನ್ನ ಕಲ್ಪನೆ. ಅವರು ನನ್ನ ಮಾತನ್ನು ಹಾಳೆಯಲ್ಲಿ ಬರೆದುಕೊಳ್ಳಲಿಲ್ಲ.

ಅಪ್ಪನಿಗೆ ಸುದ್ದಿ ಮುಟ್ಟಿಸಲು ತವರಿಗೆ ಹೋದಾಗ ಅವರು ಎಲೆಗೆ ಸುಣ್ಣ ಹಚ್ಚುತ್ತ ಎಲ್ಲವನ್ನೂ ಕೇಳಿಕೊಂಡು ಕೊನೆಗೆ, "ಅಲ್ಲಿ ಎಮ್ಮೆ ಕಟ್ಟೋಕೆ ಜಾಗ ಐತಾ?" ಎಂದರು. ಇಲ್ಲ ಎಂದು ಅಳಿಯ ಹೇಳಿದ್ದಕ್ಕೆ, "ಹಂಗಾರೆ ಹಾಲಿಗೆ ಎಂತ ಮಾಡ್ತೀರಿ?" ಎಂದು ನಿಜವಾದ ಗಾಬರಿಯಿಂದ ಕೇಳಿದರು. ಮುಂದೆ ಬೆಂಗಳೂರಿಗೆ ಬಂದ ಮೇಲೆ ನೋಡಿದರೆ ಹಾಲಿನವನು ಎಮ್ಮೆಯನ್ನೇ ಬಾಗಿಲಿಗೆ ಹೊಡೆದುಕೊಂಡು ಬಂದು ಕರೆದುಕೊಟ್ಟು ಹೋಗುತ್ತಿದ್ದ. ಈ ವಿಷಯ ಬರೆದಾಗ ಅಪ್ಪನಿಗೆ ಬೆಂಗಳೂರಿನ ಮೇಲೆ ಸ್ವಲ್ಪ ಗೌರವ ಬಂತು.

ಇದೆಲ್ಲ ನಗೆಯ ಮಾತಾಯಿತು. ನಗೆಯಲ್ಲದ ಮಾತೂ ಒಂದಿದೆ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅದರ ಹಿಂದಿನ ಬೇಸಿಗೆಯಲ್ಲಿ ಕ್ಯಾಸನೂರಿನ ಕಡೆ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿವೆ ಎಂದು ಸುದ್ದಿಯಾಗಿತ್ತು. ಅದರ ಬೆನ್ನಿಗೇ ಜನಕ್ಕೂ ಜ್ವರ. ಯಾರೂ ಕೇಳದ ಜ್ವರ. ಮೈ ಕೈ ಮುರಿದುಹಾಕಿದಂತೆ ನೋವು, ಕಣ್ಣು ಕೆಂಡ, ಕೆಲವರಿಗೆ ಬಾಯಿ ಮೂಗಲ್ಲಿ ರಕ್ತ. ನನ್ನ ಅಣ್ಣ ಚನ್ನವೀರ ಸೊಪ್ಪು ತರಲು ಕಾಡಿಗೆ ಹೋಗುತ್ತಿದ್ದವನು, ಒಂದು ದಿನ ಹೊರೆಯನ್ನು ಅಂಗಳದಲ್ಲಿ ಇಳಿಸಿ ಅಲ್ಲೇ ಕೂತುಬಿಟ್ಟ. ಅತ್ತಿಗೆ ತುಂಬು ಬಸುರಿ. ಅಮ್ಮ ಒಬ್ಬಳೇ. ನನಗೆ ಹೇಳಿಕಳಿಸಿದರು, ನಾನು ಹೋದೆ. ಹನ್ನೆರಡು ದಿನ ಅವನ ತಲೆದೆಸೆಯಲ್ಲಿ ಕೂತೆ. ನೀರು ಕುಡಿಸುವುದು, ಒದ್ದೆ ಬಟ್ಟೆ ಹಾಕುವುದು, ಬೇರೆ ಮಾಡಲು ಏನೂ ಇರಲಿಲ್ಲ. ಜೀಪಿನಲ್ಲಿ ಬಂದ ಡಾಕ್ಟರೊಬ್ಬರು ರಕ್ತ ತೆಗೆದುಕೊಂಡು ಹೋದರು. ಇದು ಮನುಷ್ಯರಿಂದ ಮನುಷ್ಯರಿಗೆ ಬರುವುದಲ್ಲ ತಾಯಿ, ಕಾಡಿನಲ್ಲಿ ಉಣುಗು ಕಚ್ಚಿ ಬರುವುದು, ದನಕ್ಕೆ ಹತ್ತುತ್ತದಲ್ಲ ಆ ಜಾತಿಯ ಹುಳ, ಎಂದು ನನಗೆ ಬಿಡಿಸಿ ಹೇಳಿದರು. ಅಣ್ಣ ಬದುಕಿದ. ಎಲುಬಿನ ಗೂಡಾಗಿ ಎದ್ದ, ಮೂರು ತಿಂಗಳು ಕೋಲು ಹಿಡಿದು ನಡೆದ, ಆದರೆ ಬದುಕಿದ. ನಮ್ಮ ಪಕ್ಕದ ಹಳ್ಳಿಯಲ್ಲಿ ಎಲ್ಲರಿಗೂ ಆ ಪುಣ್ಯ ಇರಲಿಲ್ಲ.

ನಾನು ಶಿಕಾರಿಪುರಕ್ಕೆ ವಾಪಸು ಬಂದಾಗ ಓಣಿಯ ಹೆಂಗಸರು ನನ್ನಿಂದ ಮಾರು ದೂರ ನಿಂತು ಮಾತಾಡಿದರು. ಖಾಯಂ ಗಿರಾಕಿಯೊಬ್ಬರು ಅಂಗಡಿಯ ಕೆಳಗೇ ನಿಂತು, ಸೊಸೆ ಸೊರಬದಿಂದ ಬಂದಳಂತೆ, ಅವಳು ಬಟ್ಟೆ ಮುಟ್ಟುತ್ತಾಳೋ ಎಂದು ಕೇಳಿದರು. ಅತ್ತೆ ನನ್ನನ್ನು ಒಳಗಿನಿಂದ ಕರೆದು, ಗಾದಿಯ ಮೇಲೆ ತಮ್ಮ ಪಕ್ಕ ಕೂರಿಸಿ, ಕೈಗೆ ಗಜಕೋಲು ಕೊಟ್ಟು ಬಟ್ಟೆಯ ಥಾನು ಅಳೆಯಲು ಹೇಳಿದರು. ಅಲ್ಲಿಯವರೆಗೂ ಈ ಮನೆಯ ಸೊಸೆಯಂದಿರು ಅಂಗಡಿಯ ಮುಂದೆ ಕೂತದ್ದಿಲ್ಲ. ಒಂದು ಗಜಕ್ಕೆ ನಾಲ್ಕು ಬೆರಳು ಹೆಚ್ಚೇ ಅಳೆದೆ. ಆ ಗಿರಾಕಿ ಆ ದಿನ ಹೊರಟುಹೋದರು. ಇನ್ನೊಂದು ತಿಂಗಳಿಗೆ ಬಂದರು ಅನ್ನಿ, ಬೇರೆ ಕಡೆ ಬಟ್ಟೆ ಅಷ್ಟು ಚೆನ್ನಾಗಿರಲಿಲ್ಲ.

ಅಲ್ಲಿಗೆ ಆ ಕಥೆ ಮುಗಿಯಿತು ಎಂದುಕೊಂಡಿದ್ದೆ. ನಮ್ಮವರು ಮೊದಲು ಒಬ್ಬರೇ ಬೆಂಗಳೂರಿಗೆ ಹೋಗಿ ಒಬ್ಬ ಸ್ನೇಹಿತರ ಕೋಣೆಯಲ್ಲಿದ್ದುಕೊಂಡು ಮನೆ ಹುಡುಕತೊಡಗಿದರು. ವಾರಕ್ಕೊಂದು ಕಾಗದ. ಅತ್ತೆಗೆ ಓದಲು ಬಾರದ್ದರಿಂದ ನಾನೇ ಓದಿ ಹೇಳಬೇಕು. ಗಂಡ ಹೆಂಡತಿಗೆ ಬರೆದ ಕಾಗದವನ್ನು ಅತ್ತೆಯ ಮುಂದೆ ಓದುವ ಕಷ್ಟ ಈಗಿನವರಿಗೆ ಹೇಳಿದರೆ ತಿಳಿಯಲಿಕ್ಕಿಲ್ಲ. ಪಾಪ, ಅವರೂ ಅದನ್ನು ಬಲ್ಲವರಾಗಿ ಪ್ರೀತಿಯ ಮಾತನ್ನೆಲ್ಲ ನಲ್ಲಿ, ಬಚ್ಚಲು, ಬೆಳಕಿಂಡಿಗಳ ವರ್ಣನೆಯಲ್ಲೇ ಅಡಗಿಸಿ ಬರೆಯುತ್ತಿದ್ದರು. ಒಂದು ಕಾಗದದಲ್ಲಿ ಐದನೆಯ ಕ್ರಾಸಿನಲ್ಲಿ ಒಂದು ಮನೆ ನೋಡಿದ್ದೇನೆ ಎಂದಿತ್ತು. ನಮ್ಮ ಕಡೆ ಕ್ರಾಸು ಎಂದರೆ ಬಸ್ಸು ಇಳಿಸಿ ಹೋಗುವ ಜಾಗ. ಅಲ್ಲಿಂದ ಹಳ್ಳಿಗೆ ಎರಡು ಮೈಲಿ ನಡಿಗೆ. ಐದು ಕ್ರಾಸು ಅಂದರೆ ಹತ್ತು ಮೈಲಿಯಾಯಿತಲ್ಲ, ಕಚೇರಿಗೆ ದಿನಾ ಹೇಗೆ ನಡೆಯುತ್ತಾರೆ ಎಂದು ನಾನು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ.

ಆಮೇಲಿನ ಕಾಗದದಲ್ಲಿ ಆ ಮನೆ ತಪ್ಪಿಹೋಯಿತು ಎಂದಿತ್ತು. ಅದರ ಮುಂದಿನದರಲ್ಲಿ ಇನ್ನೊಂದು ಮನೆ, ಬೀಗದ ಕೈ ಕೊಟ್ಟವರು ಮರುದಿನ ಬಂದು ವಾಪಸು ಇಸಿದುಕೊಂಡರಂತೆ. ಏಕೆ ಎಂದು ಇರಲಿಲ್ಲ. ಮೂರನೆಯ ಕಾಗದದಲ್ಲಿ ಇತ್ತು. ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಅತ್ತೆ ಗೋಡೆಗೊರಗಿ ಕೂತಿದ್ದರು. ನಾನು ಓದುತ್ತ ಹೋದೆ. ಮಧ್ಯದಲ್ಲಿ ಬಂದ ಸಾಲು ಹೀಗಿತ್ತು: ಇಲ್ಲಿಯ ಪೇಪರುಗಳಲ್ಲಿ ಮಂಗನ ಜ್ವರದ ವಿಷಯ ಬಂದಿದೆ, ನಿನ್ನ ತವರು ಸೊರಬ ಎಂದರೆ ಯಾರೂ ಮನೆ ಕೊಡುತ್ತಿಲ್ಲ, ನೀನು ಬಂದ ಮೇಲೆ ಯಾರೇ ಕೇಳಿದರೂ ತವರು ಮನೆಯೂ ಶಿಕಾರಿಪುರವೇ ಎಂದು ಹೇಳಬೇಕು. ಆ ಸಾಲನ್ನು ನಾನು ಓದಲಿಲ್ಲ. ಅದರ ಕೆಳಗಿನದಕ್ಕೆ ಹೋಗಿ, ಇಲ್ಲಿ ತರಕಾರಿ ಅಗ್ಗ ಎಂದು ಓದಿದೆ.

ಅತ್ತೆ ಕಣ್ಣು ಮುಚ್ಚಿಯೇ ಹೇಳಿದರು. "ಪಾರ್ವತಿ, ನಡುವೆ ಒಂದು ಸಾಲು ಬಿಟ್ಟಿ. ಅದನ್ನ ಓದು."

ಓದಿದೆ. ಓದುವಾಗ ಅಳಬಾರದು ಎಂದುಕೊಂಡದ್ದರಿಂದ ಬಹಳ ಜೋರಾಗಿ, ಶಾಲೆಯ ಹುಡುಗಿಯಂತೆ ಓದಿದೆ. ಇವರ ಮೇಲೆ ಸಿಟ್ಟು ಬಂದಿತ್ತೋ, ನನ್ನ ಊರಿನ ಮೇಲೇ ಬಂದಿತ್ತೋ ಈಗ ಹೇಳಲಾರೆ. ಹೆಸರು ಹೇಳಿದರೆ ಬಾಗಿಲು ಮುಚ್ಚುವಂಥ ಊರು ನನ್ನದು ಎಂದು ಅದುವರೆಗೆ ನನಗೆ ಅನ್ನಿಸಿಯೇ ಇರಲಿಲ್ಲ. ಅತ್ತೆ ಆಮೇಲೆ ಎದ್ದು ಸೆರಗು ಕೊಡವಿ, "ಅವಂಗ ಬಟ್ಟೆ ಆರ್ಸಾಕೂ ಬರಾಂಗಿಲ್ಲ, ಮನೆ ಏನು ಆರಿಸ್ತಾನ. ನಾವೇ ಹೋಗೋಣು" ಎಂದರು.

ಅತ್ತೆ ಅದುವರೆಗೆ ಶಿವಮೊಗ್ಗ ದಾಟಿದವರಲ್ಲ. ರೊಟ್ಟಿ, ಚಟ್ನಿಪುಡಿ ಕಟ್ಟಿಕೊಂಡು ಬಸ್ಸು ಹತ್ತಿದೆವು, ಶಿವಮೊಗ್ಗದಲ್ಲಿ ರೈಲು ಹತ್ತಿದೆವು. ನಿಲ್ದಾಣಕ್ಕೆ ಬಂದ ನಮ್ಮವರು ಅವ್ವನನ್ನು ಕಂಡು ಮುಖ ಸಣ್ಣಗೆ ಮಾಡಿಕೊಂಡರು. ಅತ್ತೆ ಕಾಗದದ ಮಾತೆತ್ತಲಿಲ್ಲ. ನಿನ್ನ ಹಾಳೆಯಲ್ಲಿ ಏನೇನು ಬರೆದುಕೊಂಡಿದ್ದೀ, ನಡಿ, ತೋರಿಸು ಎಂದರು.

ಮೂರು ದಿನ ತಿರುಗಿದೆವು. ಬೆಂಗಳೂರು ಆಗ ಈಗಿನಂತಿರಲಿಲ್ಲ, ಮರಗಳ ನಡುವೆ ಮನೆಗಳಿದ್ದವು. ಬೀದಿಗಳಿಗೆ ನಂಬರು ಇದ್ದದ್ದು ಅತ್ತೆಗೆ ಹಿಡಿಸಿತು. ಥಾನಿಗೆ ಚೀಟಿ ಹಚ್ಚಿದಂಗೈತಿ ಎಂದರು. ಮಲ್ಲೇಶ್ವರದ ಒಂದು ಬೀದಿಯಲ್ಲಿ ನಮ್ಮವರು ಗಾಳಿಯ ಗುಣ ಹೇಳುತ್ತಿದ್ದರೆ ಅತ್ತೆ ಒಣಹಾಕಿದ ಬಟ್ಟೆ ನೋಡುತ್ತಿದ್ದರು. ಅಲ್ಲಿ ರೇಷ್ಮೆ ಸೀರೆಗಳನ್ನೇ ಬೀದಿಗೆ ಕಾಣುವಂತೆ ಮುಂದೆ ಹಾಕಿ, ಹಳೆಯ ನೂಲಿನ ಸೀರೆಗಳನ್ನು ಹಿಂದಿನ ತಂತಿಗೆ ಹಾಕಿದ್ದರು. ಇಲ್ಲಿ ಬೇಡ ಎಂದರು. ಇನ್ನೊಂದು ಕಡೆ ಬರೀ ಗಂಡಸರ ಅಂಗಿ, ಧೋತ್ರ. ನೀ ಕಚೇರಿಗೆ ಹೋದ ಮೇಲೆ ಇವಳು ಯಾರ ಕೂಡ ಮಾತಾಡಬೇಕು ಎಂದರು. ಬಸವನಗುಡಿಯ ಆಚೆ ಒಂದು ಚೆಂದದ ಬೀದಿ, ಸಾಲು ಮನೆಗಳು, ಮುಂದೆ ಹೂವಿನ ಗಿಡ. ಒಂದೇ ಒಂದು ಬಟ್ಟೆ ಹೊರಗೆ ಕಾಣಿಸಲಿಲ್ಲ. ಅದು ನಮ್ಮವರಿಗೆ ಬಹಳ ಮೆಚ್ಚುಗೆಯಾಗಿತ್ತು. ಉಟ್ಟ ಬಟ್ಟೆಯನ್ನೇ ಬಚ್ಚಿಡುವವರು ಕಷ್ಟ ಬಂದರೆ ಬಾಯಿ ಬಿಡುತ್ತಾರೇನು ಎಂದು ಅತ್ತೆ ಅದನ್ನೂ ಬಿಟ್ಟರು.

ಅವರು ತಪ್ಪಿದ್ದೂ ಉಂಟು. ಒಂದು ಮೂಲೆಯ ಮನೆಯ ಮುಂದೆ ಬಣ್ಣಬಣ್ಣದ ಸೀರೆಗಳು ಮೂವತ್ತರ ಮೇಲೆ ಹಾರಾಡುತ್ತಿದ್ದವು. ಮನೆ ತುಂಬ ಹೆಣ್ಣುಮಕ್ಕಳು, ಪಾರ್ವತಿಗೆ ಒಳ್ಳೆಯ ಜೊತೆ ಎಂದು ಅತ್ತೆ ಸೀದಾ ಒಳಗೇ ನುಗ್ಗಿದರು. ಅದು ಬಟ್ಟೆ ಒಗೆಯುವವರ ಅಂಗಡಿ. ಒಳಗಿದ್ದವನು ಚೀಟಿ ಎಲ್ಲಿ ಎಂದು ಕೇಳಿದ. ಅತ್ತೆ ಒಂದು ಫರ್ಲಾಂಗು ದೂರ ತಿರುಗಿ ನೋಡದೆ ನಡೆದರು. ನಮಗೂ ನಗುವ ಧೈರ್ಯವಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಚಾಮರಾಜಪೇಟೆಯ ಒಳಗಿನ ಒಂದು ಬೀದಿಗೆ ಬಂದೆವು. ಅದು ನಮ್ಮವರ ಹಾಳೆಯಲ್ಲಿ ಇರಲೇ ಇಲ್ಲ, ಕುಡಿಯಲು ನೀರು ಕೇಳಲೆಂದು ಹೊಕ್ಕದ್ದು. ನಡುವೆ ಅಂಗಳ, ಸುತ್ತ ಆರು ಪುಟ್ಟ ಮನೆಗಳಿರುವ ವಠಾರ. ಅಂಗಳದ ಉದ್ದಕ್ಕೂ ಒಂದೇ ತಂತಿ. ಎಲ್ಲ ಮನೆಯ ಬಟ್ಟೆಯೂ ಅದರ ಮೇಲೇ, ಯಾರದು ಯಾರದೆಂದು ಹೇಳಲಾಗದಂತೆ ಒತ್ತಿಕೊಂಡು. ನಾವು ಬಾಗಿಲಲ್ಲಿ ನಿಂತಿದ್ದಾಗಲೇ ನಾಲ್ಕು ಹನಿ ಬಿತ್ತು. ಮೂರು ಬಾಗಿಲುಗಳಿಂದ ಮೂವರು ಹೆಂಗಸರು ಓಡಿಬಂದು ಕೈಗೆ ಸಿಕ್ಕಿದ್ದನ್ನೆಲ್ಲ ಬಾಚಿಕೊಂಡು ಒಳಗೆ ಹೋದರು. ಆಮೇಲೆ ಒಬ್ಬಾಕೆ ಹೊರಗೆ ಬಂದು ಒಂದು ಪುಟ್ಟ ಅಂಗಿಯನ್ನು ಎದುರು ಮನೆಗೆ ಕೊಟ್ಟಳು, ಅಲ್ಲಿಂದ ಒಂದು ಟವೆಲು ತಂದಳು. ಅತ್ತೆ ನೀರಿನ ಚೊಂಬನ್ನು ಕೆಳಗಿಟ್ಟು, ಇಲ್ಲಿ ಮನೆ ಖಾಲಿ ಇದೆಯೇ ಎಂದು ಕೇಳಿದರು. ಒಂದು ಖಾಲಿ ಇತ್ತು.

ವಠಾರದ ಒಡತಿ ಲಕ್ಷ್ಮೀದೇವಮ್ಮ. ಕನ್ನಡಕದ ಮೇಲಿನಿಂದ ನೋಡುವ, ನಿಧಾನವಾಗಿ ಮಾತಾಡುವ ಹೆಂಗಸು. ಕೆಲಸ ಏನು, ಎಷ್ಟು ಜನ, ಎಲ್ಲ ಕೇಳಿದರು. ಊರು ಯಾವುದು ಎಂದಾಗ ನಮ್ಮವರು ಮುಂದೆ ಬಂದು ಶಿಕಾರಿಪುರ ಎಂದರು. ಆಕೆ ನನ್ನ ಕಡೆ ತಿರುಗಿದರು.

"ನಿನ್ನ ತೌರು ಯಾವುದಮ್ಮ?"

ನಮ್ಮವರು ನನ್ನನ್ನು ನೋಡಿದರು. ಅತ್ತೆ ನೋಡಲಿಲ್ಲ, ತಂತಿಯ ಕಡೆಗೇ ಮುಖ ಮಾಡಿ ನಿಂತಿದ್ದರು. ಆ ಮೂರು ದಿನ ನಡೆದು ನಡೆದು ನನ್ನ ಕಾಲು ಸೋತಿತ್ತು, ಆ ಮನೆ ನನಗೆ ಬೇಕಿತ್ತು. ಶಿಕಾರಿಪುರ ಎಂದು ಹೇಳಲು ಬಾಯಿ ತೆರೆದೆ, ಆದರೆ ಕಣ್ಣೆದುರಿಗೆ ಅಣ್ಣ ಕೋಲು ಹಿಡಿದು ಅಂಗಳ ದಾಟುತ್ತಿದ್ದ.

"ಸೊರಬ ಕಣ್ರಿ" ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಕ್ಯಾಸನೂರು ನಮಗೆ ಹತ್ರನೇ. ನಮ್ಮಣ್ಣಂಗೆ ಆ ಜ್ವರ ಬಂದಿತ್ತು. ನಾನೇ ಪಕ್ಕದಲ್ಲಿ ಕೂತು ನೋಡ್ಕಂಡೆ."

ನಮ್ಮವರು ಚೀಲ ಎತ್ತಿಕೊಂಡರು. ಲಕ್ಷ್ಮೀದೇವಮ್ಮ ಒಳಗೆ ಹೋದರು. ಬಾಗಿಲು ಹಾಕಿಕೊಳ್ಳುತ್ತಾರೆ ಎಂದುಕೊಂಡೆ. ಅವರು ಹಿತ್ತಲ ಕಡೆಯಿಂದ ಹೋಗಿ ವಠಾರದ ಹೆಂಗಸರನ್ನೆಲ್ಲ ಕರೆದುಕೊಂಡು ಬಂದರು. ಇವರಿಗೆ ಮನೆ ಕೊಡಲು ನನ್ನದೇನೂ ತಕರಾರಿಲ್ಲ, ಮಕ್ಕಳಿರುವುದು ನಿಮ್ಮ ಮನೆಗಳಲ್ಲಿ, ನೀವೇ ಕೇಳಿಕೊಳ್ಳಿ ಎಂದು ಜಗಲಿಯ ಮೇಲೆ ಕೂತುಬಿಟ್ಟರು.

ಅವರಲ್ಲಿ ಕಮಲ ಎಂಬಾಕೆ, ಹೆಚ್ಚುಕಡಿಮೆ ನನ್ನದೇ ವಯಸ್ಸು, ಸೊಂಟದ ಮೇಲೆ ಏಳು ತಿಂಗಳ ಹೆಣ್ಣುಕೂಸು. ಜ್ವರದ ಮಾತು ಕೇಳಿದ್ದೇ ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ ಒಂದು ಹೆಜ್ಜೆ ಹಿಂದೆ ಸರಿದಳು. ನನಗೆ ಬೇಸರವಾಗಲಿಲ್ಲ. ಅವಳ ಜಾಗದಲ್ಲಿದ್ದಿದ್ದರೆ ನಾನು ಎರಡು ಹೆಜ್ಜೆ ಸರಿಯುತ್ತಿದ್ದೆ. ಡಾಕ್ಟರು ಹೇಳಿದ್ದನ್ನು, ಉಣುಗಿನ ವಿಷಯವನ್ನು, ನಮ್ಮ ಮನೆಯಲ್ಲಿ ಮಿಕ್ಕ ಯಾರಿಗೂ ಜ್ವರ ಬರಲಿಲ್ಲ ಎಂಬುದನ್ನು ಎಲ್ಲ ಹೇಳಿದೆ. ಉಣುಗು ಎಂದರೆ ಏನು ಎಂದು ಅವರಿಗೆ ತಿಳಿಯಲಿಲ್ಲ. ನೆಲದ ಮೇಲೆ ಚಿತ್ರ ಬರೆದು ತೋರಿಸಿದೆ. ಅದು ಕುಂಬಳಕಾಯಿಯಂತೆ ಕಂಡಿತು. ಇಬ್ಬರು ಒಪ್ಪಿದಂತೆ ತಲೆಯಾಡಿಸಿದರು. ಕಮಲ ಮಾತ್ರ ಕೂಸಿನ ತಲೆಯ ಮೇಲೆ ಕೈಯಿಟ್ಟುಕೊಂಡು, ನೀವು ಹೇಳುವುದು ನಿಜವೇ ಇರಬಹುದು, ಆದರೆ ನನಗೆ ಭಯ ಆಗುತ್ತದೆ ಎಂದಳು.

ಆಗ ಅತ್ತೆ ತಂತಿಯ ಕಡೆಯಿಂದ ಈ ಕಡೆ ತಿರುಗಿದರು.

"ನೋಡವ್ವ, ನಾನು ಒಂದ್ ತಿಂಗಳು ಇಲ್ಲೇ ಇರ್ತೀನಿ. ಇವಳ ಕೂಡ ಒಂದೇ ಚಾಪಿ ಮ್ಯಾಲೆ ಮಲಗ್ತೀನಿ, ಇವಳ ಕೈಯಾಗೇ ಉಣ್ತೀನಿ. ಜ್ವರ ಬಂದ್ರೆ ಮೊದಲು ನನಗ ಬರ್ಲಿ. ಅಲ್ಲೀಮಟ ಇವಳು ನಿನ್ನ ಕೂಸಿನ ಹತ್ರ ಬರಾಂಗಿಲ್ಲ. ಆದೀತಾ?"

ಕಮಲ ಸ್ವಲ್ಪ ಯೋಚಿಸಿ ಆಗಲಿ ಎಂದಳು. ಮೂರು ದಿನದ ಬಟ್ಟೆ ತಂದಿದ್ದ ಅತ್ತೆ ಹೀಗೆ ಬೆಂಗಳೂರಿನಲ್ಲಿ ಉಳಿದರು. ಹಿರಿಯ ಮಗನಿಗೆ ಒಂದು ಕಾಗದ ಬರೆಸಿದರು: ಅಂಗಡಿ ನೋಡಿಕೋ, ಹೊಸ ಮಾಲು ಬಂದರೆ ನಾನು ಬರುವ ತನಕ ಬಿಚ್ಚಬೇಡ.

ಆ ದಿನಗಳನ್ನು ಈಗ ನೆನೆದರೆ ನನಗೆ ಒಂದು ರೀತಿಯ ಸುಖವೇ ಆಗುತ್ತದೆ. ನಾನು ಅಂಗಳದ ಈ ಬದಿಯಲ್ಲಿ, ಕಮಲ ಆ ಬದಿಯಲ್ಲಿ. ಅವಳು ನೀರು ಹಿಡಿದು ಹೋದ ಮೇಲೆ ನಾನು ನಲ್ಲಿಗೆ ಹೋಗುತ್ತಿದ್ದೆ. ಅವಳ ಕೂಸು ಅಂಬೆಗಾಲಿಟ್ಟು ನನ್ನ ಕಡೆ ಹೊರಟರೆ ನಾನು ಎದ್ದು ಒಳಗೆ ಹೋಗುತ್ತಿದ್ದೆ. ಅದು ಇದನ್ನು ಆಟ ಎಂದುಕೊಂಡು ದಿನಕ್ಕೆ ಹತ್ತು ಸಲ ಹೊರಡುತ್ತಿತ್ತು. ಅತ್ತೆ ಮಾತ್ರ ವಠಾರವನ್ನು ನಾಲ್ಕೇ ದಿನದಲ್ಲಿ ಗೆದ್ದುಕೊಂಡರು. ಚಿಕ್ಕಪೇಟೆಗೆ ಹೆಂಗಸರ ಜೊತೆ ಹೋಗಿ, ಯಾವ ಬಟ್ಟೆಯ ಬಣ್ಣ ಬಿಡುತ್ತದೆ, ಯಾವುದು ಎರಡು ಒಗೆತಕ್ಕೆ ಮೊಳ ಕುಗ್ಗುತ್ತದೆ ಎಂದು ಅಂಗಡಿಯವರ ಎದುರಿಗೇ ಹೇಳಿ ಅವರ ಹೊಟ್ಟೆ ಉರಿಸಿದರು. ಲಕ್ಷ್ಮೀದೇವಮ್ಮನವರಿಗೆ ರೊಟ್ಟಿ ಬಡಿಯಲು ಕಲಿಸಿದರು. ಅವರ ಮೊದಲ ರೊಟ್ಟಿಗೂ ಮೂಲೆಗಳಿದ್ದದ್ದನ್ನು ಕಂಡು ನನಗೆ ಬಹಳ ಸಮಾಧಾನವಾಯಿತು. ನಮ್ಮವರು ನನ್ನ ಜೊತೆ ಎರಡು ದಿನ ಸರಿಯಾಗಿ ಮಾತಾಡಿರಲಿಲ್ಲ. ಮೂರನೆಯ ದಿನ ಕಚೇರಿಯಿಂದ ಬಂದವರು ಟೋಪಿ ತೆಗೆಯುತ್ತ, ಇವತ್ತು ಕಚೇರಿಯಲ್ಲಿ ಒಬ್ಬರು ನಿಮ್ಮ ಮಾವನ ಮನೆ ಯಾವೂರು ಎಂದರು, ಸೊರಬ ಎಂದೆ, ಎಂದರು. ಅದು ಅವರ ಕ್ಷಮಾಪಣೆ. ಅದಕ್ಕಿಂತ ಹೆಚ್ಚಿನದನ್ನು ನಾನು ಅವರಿಂದ ಕೇಳಿದವಳಲ್ಲ.

ಹದಿನೆಂಟು ಹತ್ತೊಂಬತ್ತು ದಿನವಾಗಿರಬೇಕು. ಬೆಳಗಿನ ಹೊತ್ತು. ನಾನು ಹೊಸ್ತಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದೆ. ನಲ್ಲಿಯಲ್ಲಿ ನೀರು ಬಂತು ಎಂದು ಯಾರೋ ಕೂಗಿದರು. ಅಂಗಳದಲ್ಲಿ ಕೊಡಗಳ ಸದ್ದೆದ್ದಿತು. ಕಮಲ ಒಂದು ಕೈಯಲ್ಲಿ ಕೊಡ, ಇನ್ನೊಂದರಲ್ಲಿ ಕೂಸು ಹಿಡಿದು ಹೊರಗೆ ಬಂದಳು. ಸುತ್ತ ನೋಡಿದಳು, ಮಿಕ್ಕವರೆಲ್ಲ ನಲ್ಲಿಯ ಹತ್ತಿರ. ಸೀದಾ ನನ್ನ ಕಡೆ ನಡೆದು ಬಂದಳು. ನಾನು ಎದ್ದು ಒಳಗೆ ಹೋಗಬೇಕು ಎನ್ನುವಷ್ಟರಲ್ಲಿ ಮೊರವನ್ನು ಪಕ್ಕಕ್ಕೆ ಸರಿಸಿ, ಕೂಸನ್ನು ನನ್ನ ಮಡಿಲಲ್ಲಿ ಕೂರಿಸಿ, ಕೊಡ ಎತ್ತಿಕೊಂಡು ನೀರಿಗೆ ಹೋದಳು.

ನಾನು ಅಲುಗಾಡದೆ ಕೂತೆ. ಕೂಸು ನನ್ನ ಬಳೆಗಳನ್ನು ಒಂದೊಂದಾಗಿ ಎಳೆದು ನೋಡಿತು, ಒಂದು ಅಕ್ಕಿಕಾಳನ್ನು ಹೆಕ್ಕಿ ನನ್ನ ಬಾಯಿಗೆ ಹಿಡಿಯಿತು. ಅತ್ತೆ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. ನೋಡಿದರು. ತಿರುಗಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅವರು ತಮ್ಮ ಸೀರೆಗಳನ್ನು ಮಡಚಿ ಚೀಲಕ್ಕೆ ಹಾಕುವ ಸದ್ದು ಕೇಳಿಸಿತು.

"ಅತ್ತೆ, ಇನ್ನೂ ತಿಂಗಳಾಗಲಿಲ್ಲ" ಎಂದೆ, ಕೂತಲ್ಲಿಂದಲೇ.

"ಆತು ತಗೋ" ಎಂದರು ಅವರು.